ಇಗ್ನಿಷನ್ ಕಾಯಿಲ್

ಇಗ್ನಿಷನ್ ಕಾಯಿಲ್ (ದಹನ ಸುರುಳಿ) ಪೆಟ್ರೋಲ್ ಎಂಜಿನ್ನಿನ ಒಂದು ವಿದ್ಯುತ್ ಉಪಕರಣ. ಇದು ಕಾರಿನ ಬ್ಯಾಟರಿಯ 12 ವೋಲ್ಟ್ ವಿದ್ಯುತ್ತನ್ನು ಹತ್ತಾರು ಸಾವಿರ ವೋಲ್ಟ್‌ಗಳಿಗೆ ಏರಿಸಿ ಸ್ಪಾರ್ಕ್ ಪ್ಲಗ್ಗಿಗೆ ಒದಗಿಸುತ್ತದೆ. ಅಲ್ಲಿ ಹುಟ್ಟುವ ಕಿಡಿಯು ಸಿಲಿಂಡರಿನೊಳಗಿನ ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಹೊತ್ತಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಒತ್ತಡದಿಂದ ಕಾದ ಗಾಳಿಯೇ ಇಂಧನವನ್ನು ಹೊತ್ತಿಸುವುದರಿಂದ ಅದಕ್ಕೆ ಈ ಉಪಕರಣ ಬೇಕಾಗುವುದಿಲ್ಲ.

ರಚನೆ ಮತ್ತು ಕಾರ್ಯ

ಕಬ್ಬಿಣದ ತಿರುಳಿನ ಸುತ್ತ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಪ್ರಾಥಮಿಕ ಸುರುಳಿಯಲ್ಲಿ ದಪ್ಪ ತಂತಿಯ ಕೆಲವೇ ಸುತ್ತುಗಳೂ ದ್ವಿತೀಯಕ ಸುರುಳಿಯಲ್ಲಿ ತೆಳು ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ಪ್ರಾಥಮಿಕ ಸುರುಳಿಯ ವಿದ್ಯುತ್ತು ಥಟ್ಟನೆ ಕಡಿದಾಗ ಕಾಂತಕ್ಷೇತ್ರವು ಕುಸಿದು ದ್ವಿತೀಯಕ ಸುರುಳಿಯಲ್ಲಿ ಅಧಿಕ ವೋಲ್ಟೇಜ್ ಉಂಟಾಗುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರ ಮೂಲತತ್ತ್ವ.

ಬೆಳವಣಿಗೆ

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ನಾಲ್ಕು ಕಾಯಿಲ್‌ಗಳಿದ್ದವು. ಮುಂದೆ ಒಂದೇ ಕಾಯಿಲ್‌ನ ವಿದ್ಯುತ್ತನ್ನು ಡಿಸ್ಟ್ರಿಬ್ಯೂಟರ್ ಮೂಲಕ ಎಲ್ಲ ಸಿಲಿಂಡರುಗಳಿಗೆ ಹಂಚುವ ಪದ್ಧತಿ ದಶಕಗಳ ಕಾಲ ರೂಢಿಯಲ್ಲಿತ್ತು. ಇಂದಿನ ಹೆಚ್ಚಿನ ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಕೂರಿಸಲಾಗುತ್ತದೆ.

ಕಳಚುವ ಕ್ರಮ

ಪ್ಲಗ್ಗಿನ ಮೇಲೆ ಕೂರುವ ಕಾಯಿಲನ್ನು ಸಾಮಾನ್ಯವಾಗಿ ಹೀಗೆ ಕಳಚಲಾಗುತ್ತದೆ:

1. ಎಂಜಿನ್ ನಿಲ್ಲಿಸಿ, ತಣಿಯಲು ಬಿಟ್ಟು, ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಡಿಸಬೇಕು. ಎಂಜಿನ್ ಓಡುತ್ತಿರುವಾಗ ಕಾಯಿಲನ್ನು ಮುಟ್ಟುವುದು ಅಪಾಯಕರ.
2. ಎಂಜಿನ್ನಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಕಾಯಿಲ್‌ಗಳ ಸುತ್ತಲಿನ ಧೂಳನ್ನು ಊದಿ ತೆಗೆಯಬೇಕು.
3. ಕನೆಕ್ಟರಿನ ಕೊಂಡಿಯನ್ನು ಒತ್ತಿ ಬಿಡಿಸಬೇಕು. ತಂತಿ ಹಿಡಿದು ಎಳೆಯಬಾರದು.
4. ಬೋಲ್ಟ್ ಬಿಚ್ಚಿ, ಕಾಯಿಲನ್ನು ಎಡಕ್ಕೂ ಬಲಕ್ಕೂ ತುಸು ತಿರುಗಿಸಿ ನೇರವಾಗಿ ಮೇಲೆತ್ತಬೇಕು. ಓರೆಯಾಗಿ ಮೀಟಿದರೆ ಕೆಳಗಿನ ರಬ್ಬರ್ ಕೊಳವೆ ಹರಿಯಬಹುದು.

ತೆಗೆದ ಕಾಯಿಲ್ ಎಣ್ಣೆಯಲ್ಲಿ ನೆನೆದಿದ್ದರೆ ಸಿಲಿಂಡರ್ ಹೆಡ್ಡಿನ ಮುಚ್ಚಳದ ಸೀಲುಗಳು ಸೋರುತ್ತಿರುವ ಸಂಭವವಿದೆ. ಅದನ್ನು ಸರಿಪಡಿಸದೆ ಹೊಸ ಕಾಯಿಲ್ ಹಾಕಿದರೆ ಅದೂ ಹಾಳಾಗಬಹುದು.

ದೋಷನಿರ್ಣಯ

ಎಂಜಿನ್ ನಡುಗುವುದು, ಎಳೆತ ಕುಗ್ಗುವುದು ಮತ್ತು ಎಚ್ಚರಿಕೆಯ ದೀಪ ಮಿನುಗುವುದು ಕಾಯಿಲ್ ಕೆಟ್ಟಿರಬಹುದೆಂಬುದರ ಲಕ್ಷಣಗಳು. ಪ್ಲಗ್ ಅಥವಾ ಇಂಧನ ಇಂಜೆಕ್ಟರ್ ಕೆಟ್ಟಾಗಲೂ ಇವೇ ಕಾಣಿಸುವುದರಿಂದ ಕಾಯಿಲ್ ಕೊಳ್ಳುವ ಮೊದಲು ಪರೀಕ್ಷಿಸುವುದು ಲೇಸು. ಅನುಮಾನವಿರುವ ಕಾಯಿಲನ್ನು ಪಕ್ಕದ ಸಿಲಿಂಡರಿನದರೊಂದಿಗೆ ಅದಲುಬದಲು ಮಾಡಿದಾಗ ದೋಷವೂ ಆ ಸಿಲಿಂಡರಿಗೆ ವರ್ಗವಾದರೆ ಕಾಯಿಲ್ ಕೆಟ್ಟಿದೆ ಎಂದು ತಿಳಿಯಬಹುದು. ದೋಷವು ಮೊದಲಿನ ಸಿಲಿಂಡರಿನಲ್ಲಿಯೇ ಉಳಿದರೆ ಕಾರಣ ಬೇರೆಡೆ ಇದೆ. ಕಿಡಿಯಿಲ್ಲದ ಸಿಲಿಂಡರಿನಿಂದ ಹೊರಬೀಳುವ ಸುಡದ ಪೆಟ್ರೋಲ್ ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಅತಿಯಾಗಿ ಕಾಯಿಸಿ ಹಾಳುಮಾಡುತ್ತದೆ. ಇದು ಸಾಮಾನ್ಯವಾಗಿ ಕಾಯಿಲ್‌ಗಿಂತ ಹಲವು ಪಟ್ಟು ದುಬಾರಿಯಾದ ಭಾಗ. ಆದುದರಿಂದ ದೀಪ ಮಿನುಗುತ್ತಿರುವಾಗ ಕಾರನ್ನು ಓಡಿಸುತ್ತಲೇ ಇರುವುದು ಸೂಕ್ತವಲ್ಲ.