ಖಿನ್ನತೆಯಲ್ಲಿ ಭಾವದ ಆಯಸ್ಸು

‘ಏನೂ ಬೇಡ ಅನ್ನಿಸುತ್ತೆ’ ಎಂಬುದು ಖಿನ್ನತೆಯಿಂದ ಬಳಲುವವರು ಮತ್ತೆ ಮತ್ತೆ ಆಡುವ ಮಾತು. ಬೆಳಗಿನ ಕಾಫಿ, ಮಗುವಿನ ನಗು, ಗೆಳತಿಯ ಫೋನು, ಯಾವುದೂ ಒಳಗೆ ಇಳಿಯುವುದಿಲ್ಲ. ಸುಖ ಹತ್ತದ ಈ ಸ್ಥಿತಿಗೆ ಫ್ರಾನ್ಸಿನ ಮನೋವಿಜ್ಞಾನಿ ಥಿಯೊಡ್ಯೂಲ್ ರಿಬೊ 1896ರಲ್ಲಿ ‘ಆನ್‌ಹೆಡೋನಿಯಾ’ ಎಂದು ಹೆಸರಿಟ್ಟ. ಸುಖಪಡುವ ಶಕ್ತಿಯೇ ಬತ್ತಿಹೋಗಿದೆ ಎಂಬ ಅರ್ಥ ಆ ಹೆಸರಿನಲ್ಲಿದೆ. ಮಿದುಳಿನ ಅಧ್ಯಯನಗಳನ್ನು ಓದಿದಾಗ ನನಗೆ ಕಾಣುವ ಚಿತ್ರ ಸ್ವಲ್ಪ ಬೇರೆ: ಭಾವ ಹುಟ್ಟುವ ಗಳಿಗೆಗಿಂತ ಅದು ಬಾಳುವ ಅವಧಿಯಲ್ಲಿ ಏರುಪೇರು ಹೆಚ್ಚು.

ಗ್ರೆಗ್ ಸೀಗಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗ ಸಣ್ಣದು. ಖಿನ್ನತೆಯಿದ್ದವರು 7, ಇಲ್ಲದವರು 10 ಮಂದಿ. ನೋವಿನ ಪದವೊಂದನ್ನು ತೋರಿಸಿ, ಕೂಡಲೇ ಅಂಕಿಗಳನ್ನು ನೆನಪಿಡುವ ಕೆಲಸ ಕೊಟ್ಟರು. ಖಿನ್ನತೆಯಿಲ್ಲದವರಲ್ಲಿ, ಭಾವಕ್ಕೆ ಸ್ಪಂದಿಸುವ ಮಿದುಳಿನ ಭಾಗವಾದ ಅಮಿಗ್ಡಲ ಬೇಗ ಶಾಂತವಾಯಿತು. ಖಿನ್ನತೆಯಿದ್ದವರಲ್ಲಿ ಸುಮಾರು 25 ಸೆಕೆಂಡುಗಳ ಮೇಲೂ, ಅಂಕಿಗಳ ನಡುವೆಯೂ, ಅದು ಚುರುಕಾಗಿಯೇ ಇತ್ತು. ನೋವನ್ನು ಮನಸ್ಸಿನಲ್ಲಿ ತಿರುವಿ ತಿರುವಿ ಹಾಕುವ ಸ್ವಭಾವಕ್ಕೂ ಈ ದೀರ್ಘ ಸ್ಪಂದನಕ್ಕೂ ನಂಟು ಕಂಡಿತು. ‘ಬಿಟ್ಟುಬಿಡು, ಕೆಲಸದಲ್ಲಿ ಮರೆತುಬಿಡು’ ಎಂಬ ಮನೆಮಂದಿಯ ಬುದ್ಧಿವಾದ ಏಕೆ ನಾಟುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಮನಮುಟ್ಟುವ ಸುಳಿವು ನನಗೆ ಸಿಕ್ಕಿಲ್ಲ.

ಸುಖದ ಕತೆ ತಿರುಗುಮುರುಗು. ವಿಸ್ಕಾನ್ಸಿನ್‌ನಲ್ಲಿ ಆರನ್ ಹೆಲ್ಲರ್ ತಂಡ 2009ರಲ್ಲಿ ಹಿತವಾದ ಚಿತ್ರಗಳನ್ನು ತೋರಿಸಿ, ಮೂಡಿದ ಸಂತೋಷವನ್ನು ಹೆಚ್ಚಿಸಿಕೊಳ್ಳಿ ಎಂದು ಕೇಳಿತು. ಮಿದುಳಿನ ಸ್ಕ್ಯಾನಿನ ಮೊದಲರ್ಧದಲ್ಲಿ, ಖಿನ್ನತೆಯಿದ್ದವರು, ಇಲ್ಲದವರು ಎರಡೂ ಗುಂಪಿನಲ್ಲಿ, ಸುಖಕ್ಕೆ ಸ್ಪಂದಿಸುವ ಭಾಗವಾದ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಒಂದೇ ತೆರನಾಗಿ ಸ್ಪಂದಿಸಿತು. ಹೊತ್ತು ಕಳೆದಂತೆ ಖಿನ್ನತೆಯಿದ್ದವರಲ್ಲಿ ಆ ಸ್ಪಂದನ ಕುಸಿಯಿತು. ಮಿದುಳಿನ ಮುಂಭಾಗದೊಡನೆ ಅದಕ್ಕಿದ್ದ ಹೊಂದಾಣಿಕೆಯೂ ಸಡಿಲವಾಯಿತು. ದೀಪ ಹತ್ತುತ್ತದೆ, ಎಣ್ಣೆ ಸಾಲುವುದಿಲ್ಲ.

ಈ ವಾದಕ್ಕೆ ತೊಡಕುಗಳಿವೆ. ಬಿಲ್ಸ್ಮಾ, ಮಾರಿಸ್ ಮತ್ತು ರಾಟನ್‌ಬರ್ಗ್ 2008ರಲ್ಲಿ 19 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಖಿನ್ನತೆಯಲ್ಲಿ ನಲಿವಿಗಷ್ಟೇ ಅಲ್ಲ, ನೋವಿಗೂ ಪ್ರತಿಕ್ರಿಯೆ ಮಂಕಾಗಿತ್ತು. ಪ್ರಯೋಗಾಲಯದ ಹೊರಗೆ, ದಿನಕ್ಕೆ ಹಲವು ಬಾರಿ ಜನರ ಮನಃಸ್ಥಿತಿ ವಿಚಾರಿಸಿದ ಅಧ್ಯಯನಗಳಲ್ಲಿ ಮಾತ್ರ ಒಳ್ಳೆಯ ಘಟನೆಯಾದಾಗ ಖಿನ್ನರ ಬೇಸರ ಇತರರಿಗಿಂತ ಹೆಚ್ಚು ಇಳಿದದ್ದು ಕಂಡಿದೆ. ಪರದೆಯ ಮೇಲಿನ ಅಪರಿಚಿತ ಮಗುವೂ ಮನೆಯ ಮಗುವೂ ಒಂದೇ ಅಲ್ಲ. ಈ ವ್ಯತ್ಯಾಸವನ್ನು ಸಂಶೋಧಕರು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು.

ನಮ್ಮ ನೆರೆಯ ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ತಂಡ, ತೀವ್ರ ಖಿನ್ನತೆಯಿದ್ದ 495 ಮಂದಿಯೊಡನೆ ನಡೆಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಅರ್ಧದಷ್ಟು ಜನರಿಗೆ ಹಿತವೆನಿಸುವ ಚಟುವಟಿಕೆಗಳನ್ನು ದಿನಚರಿಗೆ ಮರಳಿ ಸೇರಿಸಲು ನೆರವಾದರು. ಮೂರು ತಿಂಗಳಲ್ಲಿ ಇವರು ಉಳಿದವರಿಗಿಂತ ಹೆಚ್ಚು ಚೇತರಿಸಿಕೊಂಡರು. ಅಲ್ಲಿ ಯಾರ ಮಿದುಳನ್ನೂ ಅಳೆಯಲಿಲ್ಲ. ಆದರೂ ಇಂಥ ಕೇಂದ್ರಗಳಲ್ಲಿ ‘ಸಂತೋಷ ಆಗುತ್ತಾ?’ ಎಂದು ಕೇಳುವಾಗ, ‘ಆದರೆ ಎಷ್ಟು ಹೊತ್ತು ಇರುತ್ತೆ?’ ಎಂದೂ ಕೇಳಿ ಬರೆದಿಟ್ಟುಕೊಂಡರೆ, ಸ್ಕ್ಯಾನರ್ ಇಲ್ಲದೆಯೂ ಈ ವಾದವನ್ನು ಪರೀಕ್ಷಿಸಲು ಶುರುಮಾಡಬಹುದು.