ತಕ್ಕಡಿಯ ಆಚೆಗಿನ ಅಳತೆ

ಪೇಟೆಯಲ್ಲಿ ನೀವು ದರಕ್ಕೆ ಚೌಕಾಶಿ ಮಾಡುತ್ತೀರಿ. ಒಂದು ಕಿಲೋ ಎಂದರೆ ಎಷ್ಟು ಎಂಬುದಕ್ಕೆ ಮಾಡುವುದಿಲ್ಲ. ತೂಕದ ಕಲ್ಲು ಸವೆದಿದ್ದರೆ ಅದು ಮೋಸವೇ ಸರಿ. ಇಬ್ಬರೂ ಒಪ್ಪಿದರೆಂದು ಅದು ನಿಜವಾದ ತೂಕವಾಗದು. ದರಕ್ಕೂ ಹೀಗೆ ಒಪ್ಪಿಗೆಯ ಆಚೆಗಿನ ಅಳತೆಯೊಂದು ಉಂಟೇ?

ಇಲ್ಲವೆಂದವನು ಇಂಗ್ಲೆಂಡಿನ ತತ್ತ್ವಜ್ಞ ಥಾಮಸ್ ಹಾಬ್ಸ್. ಕೊಳ್ಳುವವನು ಎಷ್ಟು ಕೊಡಲು ಸಿದ್ಧನೋ ಅದೇ ನ್ಯಾಯವಾದ ಬೆಲೆ ಎಂಬುದು 1651ರ ತನ್ನ 'ಲೆವಯಥನ್' ಗ್ರಂಥದಲ್ಲಿ ಆತನ ಅಭಿಪ್ರಾಯ. ಕೌಟಿಲ್ಯನು ಅಷ್ಟಕ್ಕೆ ಬಿಡಲಿಲ್ಲ. ಗೊತ್ತುಪಡಿಸಿದ ಬೆಲೆಯ ಮೇಲೆ ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ್ದಕ್ಕೆ 10 ಲಾಭ, ಮೀರಿದವನಿಗೆ ದಂಡ.

ಈ ವಾದ ನಮ್ಮ ನಿಪ್ಪಾಣಿಯಲ್ಲಿ ಹೆದ್ದಾರಿಗೇ ಇಳಿಯಿತು. ಬೀಡಿ ತಂಬಾಕು ವರ್ಷಕ್ಕೊಂದು ಬೆಳೆ. ಜೋಳವಾದರೆ ಮಾರದೆ ಉಳಿದದ್ದನ್ನು ರೊಟ್ಟಿ ಮಾಡಿ ತಿಂದೇವು. ತಂಬಾಕನ್ನು ಏನು ಮಾಡೋಣ? 1976ರಲ್ಲಿ ಹುಟ್ಟಿದ ತಂಬಾಕು ಮಂಡಳಿಯ ಆಸರೆ ವರ್ಜೀನಿಯಾ ತಂಬಾಕಿಗಷ್ಟೇ. ಸಾಲದವನು ಬಾಗಿಲಲ್ಲಿ ನಿಂತಿರುವಾಗ ರೈತ ವರ್ತಕನಿಗೆ "ಹೂಂ" ಎಂದರೆ ಅದನ್ನು ಒಪ್ಪಿಗೆ ಎನ್ನಬಹುದೇ? ಹಾಬ್ಸನ ಮಾತು ನನಗೆ ಕುಂಟುವುದು ಇಲ್ಲಿಯೇ.

1981ರ ಮಾರ್ಚ್ 14ರಂದು ಶೇತಕರಿ ಸಂಘಟನೆಯ ಶರದ ಜೋಶಿಯವರ ಮುಂದಾಳುತನದಲ್ಲಿ ರೈತರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ಆ ಬೀಡಿಗೆ ಆಂದೋಲನ ನಗರವೆಂದು ಹೆಸರಾಯಿತು. ಮೂರು ವಾರಕ್ಕೂ ಮೇಲ್ಪಟ್ಟು ಅಲ್ಲಿಯೇ ಉಳಿದರು. ಏಪ್ರಿಲ್ 6ರಂದು ಪೋಲೀಸರು ತೆರವುಗೊಳಿಸಲು ಬಂದರು, ಗುಂಡು ಹಾರಿತು, ಹತ್ತಕ್ಕೂ ಹೆಚ್ಚು ರೈತರು ಪ್ರಾಣ ತೆತ್ತರು. ಕಾಯಿದೆಯ ಕಣ್ಣಿಗೆ ಅದು ತಡೆದು ನಿಂತ ರಸ್ತೆ. ಕುಳಿತವರಿಗಾದರೋ ಕಾಯಿದೆಗಿಂತ ಹಿರಿದಾದ ನ್ಯಾಯವೊಂದಿತ್ತು. ಇಲ್ಲದಿದ್ದರೆ "ಅನ್ಯಾಯ" ಎಂಬ ಕೂಗಿಗೆ ಅರ್ಥವೇನು?

ಆದರೆ ಅಂಥ ಅಳತೆಯನ್ನು ಒಮ್ಮೆ ಹೊರಗೆ ತಂದರೆ ಅದು ತಂದವನನ್ನೂ ಅಳೆಯುತ್ತದೆ. ಹೊಲದಲ್ಲಿ ತಂಬಾಕಿನ ಕುಡಿ ಮುರಿದ ಆಳಿನ ಕೂಲಿಯನ್ನು ಗೊತ್ತುಮಾಡುವವನು ಅದೇ ರೈತ. ಅವಳೂ ಕೊಟ್ಟದ್ದಕ್ಕೆ "ಹೂಂ" ಅಂದವಳೇ. ಪೇಟೆಯ ವಖಾರಿಗಳಲ್ಲಿ ಘಾಟು ಧೂಳಿನ ನಡುವೆ ತಂಬಾಕು ಹಸನು ಮಾಡುತ್ತಿದ್ದ ಸಾವಿರಾರು ಹೆಂಗಸರು ಆ ವರ್ಷಗಳಲ್ಲಿಯೇ ಸಂಘ ಕಟ್ಟಿದರು. ಯುಗಾಂತರ ಎಂಬ ಸ್ತ್ರೀವಾದಿ ತಂಡವು 1982ರಲ್ಲಿ ಅವರ ಚಿತ್ರ ತೆಗೆಯಿತು. ಅದರಲ್ಲಿ ಮಾತನಾಡುವವರು ಪಂಡಿತರಲ್ಲ, ಆ ಹೆಂಗಸರೇ.