ಹೋವರ್ಡ್ ಕಾನೂನು ಕಾಲೇಜು ಬೆಳೆಸಿದ ವಕೀಲರು

1869ರ ಜನವರಿ 6ರಂದು ವಾಷಿಂಗ್ಟನ್ ನಗರದಲ್ಲಿ, ಮುಖ್ಯವಾಗಿ ಕಪ್ಪು ವರ್ಣೀಯರಿಗಾಗಿ ಹುಟ್ಟಿದ ಹೋವರ್ಡ್ ವಿಶ್ವವಿದ್ಯಾಲಯದ ಕಾನೂನು ವಿಭಾಗ ಶುರುವಾದಾಗ ಇದ್ದದ್ದು ಆರು ವಿದ್ಯಾರ್ಥಿಗಳು. ಅಮೆರಿಕದಲ್ಲಿ ಗುಲಾಮಗಿರಿ ರದ್ದಾಗಿ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಸ್ವಂತ ಕಟ್ಟಡವಿಲ್ಲ, ಸಂಜೆ ಹೊತ್ತು ಅಧ್ಯಾಪಕರ ಮನೆಗಳಲ್ಲಿ, ಕಚೇರಿಗಳಲ್ಲಿ ಪಾಠ. ಮೊದಲ ಡೀನ್ ಜಾನ್ ಮರ್ಸರ್ ಲ್ಯಾಂಗ್‌ಸ್ಟನ್. 1872ರಲ್ಲಿ ಇಲ್ಲಿ ಪದವಿ ಪಡೆದ ಶಾರ್ಲಟ್ ರೇ ಆ ದೇಶದ ಮೊದಲ ಕಪ್ಪು ಮಹಿಳಾ ವಕೀಲರಾದರು. ವಿದ್ಯೆಗೆ ಕೊರತೆಯಿರಲಿಲ್ಲ, ಸಾಕಷ್ಟು ಕಕ್ಷಿದಾರರು ಬರಲಿಲ್ಲ. ಕೊನೆಗೆ ಅವರು ನ್ಯೂಯಾರ್ಕಿಗೆ ಹೋಗಿ ಶಾಲೆಯಲ್ಲಿ ಪಾಠ ಹೇಳಿದರು.

ಮುಂದೆಯೂ ದಶಕಗಳ ಕಾಲ ಅದು ಸಂಜೆ ಕಾಲೇಜಾಗಿಯೇ ನಡೆಯಿತು. ಹಗಲು ಗುಮಾಸ್ತಿಕೆ ಮಾಡಿ ದಣಿದು ಬಂದವರಿಗೆ ಅದೊಂದೇ ದಾರಿ.

1929ರಲ್ಲಿ ಉಪ ಡೀನ್ ಆಗಿ ಬಂದ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಆ ದಾರಿಯನ್ನೇ ಮುಚ್ಚಿದರು. ಹಾರ್ವರ್ಡಿನಲ್ಲಿ ಓದಿ ಬಂದ ಅವರು ಸಂಜೆ ತರಗತಿ ನಿಲ್ಲಿಸಿ, ಪೂರ್ಣಾವಧಿ ಅಧ್ಯಾಪಕರನ್ನು ತಂದು, 1931ರ ಹೊತ್ತಿಗೆ ಕಾಲೇಜಿಗೆ ಅಮೆರಿಕನ್ ವಕೀಲರ ಸಂಘದ ಮಾನ್ಯತೆ ದೊರಕಿಸಿದರು. ಹಗಲು ದುಡಿಯಲೇಬೇಕಿದ್ದ ಬಡವರಿಗೆ ಬಾಗಿಲು ಹಾಕಿದಂತಾಯಿತೆಂದು ಹಳೆಯ ವಿದ್ಯಾರ್ಥಿಗಳು ಸಿಟ್ಟಾದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಹ್ಯೂಸ್ಟನ್ ಕಣ್ಣಮುಂದೆ ಇದ್ದದ್ದು ವರ್ಣಭೇದದ ಕಾನೂನನ್ನೇ ನ್ಯಾಯಾಲಯದಲ್ಲಿ ಕೆಡವುವ ಕೆಲಸ. ಅದಕ್ಕೆ ಅರೆಬೆಂದ ತಯಾರಿ ಸಾಲದು. ಕಪ್ಪು ವಕೀಲನ ಅರ್ಜಿಯಲ್ಲಿ ಒಂದು ತಪ್ಪು ಸಿಕ್ಕರೂ ಅದನ್ನೇ ಹಿಡಿದು ಆಡುವವರು ಕಾದಿದ್ದರು. ಹಾಗಾಗಿ ಅವರು ವಿದ್ಯಾರ್ಥಿಗಳನ್ನು ನ್ಯಾಯಾಲಯಗಳಿಗೆ, ಜೈಲುಗಳಿಗೆ ಕರೆದೊಯ್ದರು. ಬರೆದದ್ದನ್ನು ಮತ್ತೆ ಮತ್ತೆ ಬರೆಸಿದರು. 1930ರ ದಶಕದಲ್ಲಿ ದಕ್ಷಿಣ ಕೆರೊಲಿನಾಕ್ಕೆ ಹೋಗಿ, ಕಪ್ಪು ಮಕ್ಕಳ ಶಾಲೆಗಳ ದುಃಸ್ಥಿತಿಯನ್ನು ಚಲನಚಿತ್ರವಾಗಿ ಸೆರೆಹಿಡಿದರು. ಸಾಕ್ಷ್ಯವಿಲ್ಲದ ಆಕ್ರೋಶ ಅವರಿಗೆ ಬೇಕಿರಲಿಲ್ಲ.

ಬಾಲ್ಟಿಮೋರಿನಿಂದ ದಿನವೂ ರೈಲಿನಲ್ಲಿ ಬರುತ್ತಿದ್ದ ಹುಡುಗನೊಬ್ಬನ ಫೀಸಿಗಾಗಿ ಅವನ ತಾಯಿ ತನ್ನ ಉಂಗುರಗಳನ್ನು ಅಡವಿಟ್ಟಿದ್ದರಂತೆ. 1933ರಲ್ಲಿ ತರಗತಿಗೇ ಮೊದಲಿಗನಾಗಿ ಹೊರಬಂದ ಆ ಹುಡುಗ ಥರ್ಗುಡ್ ಮಾರ್ಷಲ್. ತವರು ರಾಜ್ಯ ಮೇರಿಲ್ಯಾಂಡಿನ ಕಾನೂನು ಕಾಲೇಜು ಕಪ್ಪು ವರ್ಣೀಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಎರಡೇ ವರ್ಷದಲ್ಲಿ ಗುರು ಶಿಷ್ಯರಿಬ್ಬರೂ ಸೇರಿ, ಅದೇ ಕಾಲೇಜು ಡೊನಾಲ್ಡ್ ಮರ್ರೆ ಎಂಬ ಕಪ್ಪು ಯುವಕನನ್ನು ಸೇರಿಸಿಕೊಳ್ಳಬೇಕೆಂಬ ಆದೇಶ ತಂದರು. ಮುಂದೆ 1967ರಲ್ಲಿ ಮಾರ್ಷಲ್ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದರು.

1938ರಲ್ಲಿ ಜೇಮ್ಸ್ ನಾಬ್ರಿಟ್ ಇಲ್ಲಿ ನಾಗರಿಕ ಹಕ್ಕುಗಳ ಕಾನೂನನ್ನೇ ಒಂದು ವಿಷಯವಾಗಿ ಕಲಿಸತೊಡಗಿದರು. ಸುಪ್ರೀಂ ಕೋರ್ಟಿನಲ್ಲಿ ವಾದಿಸುವ ಮೊದಲು ವಕೀಲರು ಇಲ್ಲಿಗೆ ಬಂದು ತಾಲೀಮು ಮಾಡುತ್ತಿದ್ದರು. ಅಧ್ಯಾಪಕರು ನ್ಯಾಯಮೂರ್ತಿಗಳಾಗಿ ಕುಳಿತು ಪ್ರಶ್ನೆಗಳ ಮಳೆಗರೆಯುತ್ತಿದ್ದರು. ಈ ಕಾಲೇಜಿನ ನಿಜವಾದ ಬಲ ಇಂಥ ತಾಲೀಮಿನಲ್ಲಿತ್ತು ಎಂದೇ ನನ್ನ ಭಾವನೆ. ಶಾಲೆಗಳಲ್ಲಿನ ವರ್ಣಭೇದವನ್ನು ಅಸಾಂವಿಧಾನಿಕವೆಂದು ಸಾರಿದ 1954ರ ಬ್ರೌನ್ ತೀರ್ಪನ್ನು ನೋಡಲು ಹ್ಯೂಸ್ಟನ್ ಇರಲಿಲ್ಲ. ಅವರು 1950ರಲ್ಲೇ ತೀರಿಕೊಂಡಿದ್ದರು.

ಆದರೆ ಹೆಣ್ಣುಮಕ್ಕಳ ವಿಷಯದಲ್ಲಿ ಈ ಕಾಲೇಜೂ ತಪ್ಪಿತು. ಪಾಲಿ ಮರ್ರೆ ತಮ್ಮ ತರಗತಿಯಲ್ಲಿದ್ದ ಒಬ್ಬರೇ ಹೆಣ್ಣು. ಹೆಂಗಸರು ಕಾನೂನು ಓದಲು ಯಾಕೆ ಬರುತ್ತಾರೋ ಎಂದು ಅಧ್ಯಾಪಕರೊಬ್ಬರು ಮೊದಲ ದಿನವೇ ಆಡಿಕೊಂಡರು. 1944ರಲ್ಲಿ ಪಾಲಿ ಮರ್ರೆಯವರೇ ತರಗತಿಗೆ ಮೊದಲಿಗರು. ಸೌಲಭ್ಯ ಸಮನಾಗಿದೆಯೇ ಎಂದು ಅಳೆಯುತ್ತ ಕೂರುವ ಬದಲು, ಜನರನ್ನು ಬೇರ್ಪಡಿಸುವುದೇ ಅಸಾಂವಿಧಾನಿಕವೆಂದು ನೇರವಾಗಿ ವಾದಿಸಬೇಕು ಎಂದಾಗ ಸಹಪಾಠಿಗಳು ನಕ್ಕರು. ಸೌಲಭ್ಯ ಸಮನಾಗಿದ್ದರೆ ಬೇರ್ಪಡಿಸಬಹುದೆಂದ ಹಳೆಯ ತೀರ್ಪು ಇಪ್ಪತ್ತೈದು ವರ್ಷದೊಳಗೆ ಬಿದ್ದೇ ಬೀಳುತ್ತದೆಂದು ಅವರು ಅಧ್ಯಾಪಕ ಸ್ಪಾಟ್ಸ್‌ವುಡ್ ರಾಬಿನ್ಸನ್ ಜೊತೆ ಹತ್ತು ಡಾಲರ್ ಪಣ ಕಟ್ಟಿದರು. ಹತ್ತೇ ವರ್ಷ ಸಾಕಾಯಿತು. ಬ್ರೌನ್ ಮೊಕದ್ದಮೆಯ ತಯಾರಿಯಲ್ಲಿ ರಾಬಿನ್ಸನ್ ಆ ವಿದ್ಯಾರ್ಥಿನಿಯ ಪ್ರಬಂಧವನ್ನು ಹೊರತೆಗೆದು ಬಳಸಿಕೊಂಡಿದ್ದರು. ಅದು ಬರೆದವರಿಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಹೋವರ್ಡಿನ ಚರಿತ್ರೆ ಬರೆಯುವವರು ಮಾರ್ಷಲ್ ಹೆಸರಿನ ಸಾಲಿನಲ್ಲೇ ಪಾಲಿ ಮರ್ರೆ ಹೆಸರನ್ನೂ ಬರೆಯಬೇಕು.